ಟೋಪಿಯೊಳಗೆ ನಡೆದುಬಂದ ಮೀನು

ಹೋದ ವಾರ ಮೊಮ್ಮಗಳು ಸ್ಟೇಶನ್ ಬಜಾರದಿಂದ ನನಗೊಂದು ಊರುಗೋಲು ತಂದಳು. ಮೊಣಕಾಲು ನೋವು ನಿಜ. ಆದರೆ ಕೋಲು ಹಿಡಿದರೆ ನಾನು ಮುದುಕನೆಂದು ಕಲಬುರಗಿಗೆಲ್ಲ ಡಂಗುರ ಸಾರಿದಂತಲ್ಲವೇ? ಬಾಗಿಲ ಹಿಂದೆ ಬಚ್ಚಿಟ್ಟೆ. ಈ ಹೊತ್ತು ಮಳೆ ಬಿದ್ದು ಕೆಸರಿನ ವಾಸನೆ ಬಂತು ನೋಡಿ, ಕಮಲಾಪುರದ ಶರಣಮ್ಮ ಅತ್ತೆ ನೆನಪಾದಳು.

ಅದು ನಿಜಾಮರ ಕಾಲ, ನಾನಿನ್ನೂ ಸಣ್ಣ ಹುಡುಗ. ಅತ್ತೆ ನನ್ನ ಅಪ್ಪನ ತಂಗಿ. ಚಿಕ್ಕಂದಿನಲ್ಲಿ ಬಂಡಿಯಿಂದ ಬಿದ್ದವಳು, ನಡೆದರೆ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಆಗ ಕನ್ಯೆ ನೋಡಲು ಬಂದವರು ಹುಡುಗಿಯನ್ನು ನಡೆಸಿ ನೋಡದೆ ಎಲೆ-ಅಡಿಕೆ ಮುಟ್ಟುತ್ತಿರಲಿಲ್ಲ. ಅತ್ತೆ ನಡೆದಾಗಲೆಲ್ಲ ಸಂಬಂಧ ಮುರಿಯುತ್ತಿತ್ತು. ಒಂದು ಮಳೆಗಾಲದಲ್ಲಿ ಕಲಬುರಗಿಯ ಕಚೇರಿ ಗುಮಾಸ್ತನೊಬ್ಬ ಡಬ್ಬಿಯಂತೆ ಎತ್ತರದ, ಕುಚ್ಚು ಇಳಿಬಿಟ್ಟ ಹೊಸ ರೂಮಿ ಟೋಪಿ ಹಾಕಿಕೊಂಡು ತಾಯಿಯೊಡನೆ ಬಂದಿದ್ದ. ಕೆಂಪು ಬಾಳೆಹಣ್ಣು ತಿಂದಾದ ಮೇಲೆ ಆ ತಾಯಿ ಶುರುಮಾಡಿದಳು.

"ನಾಕ ಹೆಜ್ಜಿ ನಡದ ತೋರ್ಸವ್ವ."

ಅತ್ತೆಯ ಅಪ್ಪ, ಅಂದರೆ ನನ್ನ ಅಜ್ಜ, ಮುಖ ಬಾಡಿಸಿಕೊಂಡು ನೆಲ ನೋಡತೊಡಗಿದ. ಅಷ್ಟರಲ್ಲಿ ಹಿತ್ತಲಾಚೆಯ ತುಂಬಿದ ಕೆರೆಯಿಂದ ಮೀಸೆ ಹೊತ್ತ ಒಂದು ಮಾಂಗೂರ್ ಮೀನು ಪಡಸಾಲೆಗೆ ನಡೆದುಬಂತು. ಹೌದು, ನಡೆದೇ ಬಂತು!

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಮೀನು ತಿನ್ನುವುದಿರಲಿ, ಹತ್ತಿರದಿಂದ ನೋಡಿದವರೂ ಕಡಿಮೆ.

"ಅಯ್ಯ, ಮನ್ಯಾಗ ಮೀನ!" ಎಂದು ಹುಡುಗನ ತಾಯಿ ಚೀರಿದಳು.

"ಮೀನ ಎಲ್ಯಾರ ನಡೀತದೇನ್ರಿ? ನಡೀತದ ಅಂದ್ರ ಅದು ಮೀನಲ್ಲ!" ಎಂದು ಅಜ್ಜ ವಾದ ಹೂಡುತ್ತಲೇ ಮಂಚ ಹತ್ತಿದ. ತಾಯಿ-ಮಗನೂ ಹತ್ತಿದರು, ನಾನೂ ಹತ್ತಿದೆ. ಆ ನೂಕಾಟದಲ್ಲಿ ಗುಮಾಸ್ತನ ಟೋಪಿ ಕೆಳಗೆ ಬಿತ್ತು.

ಅತ್ತೆ ಎಡಗಾಲು ಎಳೆಯುತ್ತ ಬಂದಳು. ಕಸಬರಿಗೆಯಿಂದ ಮೀನನ್ನು ಮೆಲ್ಲಗೆ ಆ ಟೋಪಿಯೊಳಗೆ ನೂಕಿ ಎತ್ತಿಕೊಂಡಳು.

"ಅದು ಹೆಂಗ ನಡೀತದರೀ?" ಗುಮಾಸ್ತ ಮಂಚದ ಮೇಲಿಂದಲೇ ಕೇಳಿದ.

"ಮಳಿಗಾಲದಾಗ ಹಿತ್ತಲಕ್ಕ ಬರ್ತಾವ, ನೋಡೀನ್ರಿ. ಎದಿ ಬಾಜೂಕ ಎರಡು ಎಲುಬಿನ ಮುಳ್ಳ ಅದಾವ. ಬಿಚ್ಚಿದ್ರ ಬುಡದಾಗ ಚಿಲಕಾ ಹಾಕಿದಂಗ ಗಟ್ಟಿ ನಿಲ್ತಾವ. ಒಂದು ಊರತದ, ಮೈ ಹೊರಳಸ್ತದ, ಇನ್ನೊಂದು ಊರತದ. ನಡಿಗಿ ಸೊಟ್ಟ ಖರೆ, ಆದ್ರ ಹೋಗೂ ಕಡಿ ಹೋಗಿ ಮುಟ್ಟತದ."

ಅವಳು ಕೆರೆಯ ಕಡೆ ಹೊರಟಳು. "ಹುಡುಗಿ ಕಾಲ ನೋಡಿದ್ಯೇನೋ?" ತಾಯಿ ಪಿಸುಗುಟ್ಟಿದಳು.

"ನೋಡಿದೆ, ಯವ್ವಾ. ನಾವೆಲ್ಲಾ ಮಂಚದ ಮ್ಯಾಗ ಅದೀವಿ. ನಡದಾಕಿ ಆಕಿ ಒಬ್ಬಾಕಿನೇ."

ಮದುವೆಯಾಯಿತು. ಆ ಟೋಪಿ ಮಳೆಗಾಲದಲ್ಲೆಲ್ಲ ನಾರುತ್ತಿತ್ತು. ನನಗೆ ಮಾವನಾದ ಆ ಗುಮಾಸ್ತ ಮಾತ್ರ ಅದನ್ನೇ ಹಾಕಿಕೊಂಡು ಕಚೇರಿಗೆ ಹೋಗುತ್ತಿದ್ದ. ಪಕ್ಕದಲ್ಲಿ ಕೂರುವವರೇ ಜಾಗ ಬದಲಿಸಿದರಂತೆ.

ಈಗ ಮಳೆ ನಿಂತಿದೆ. ಬಾಗಿಲ ಹಿಂದಿನ ಕೋಲು ತೆಗೆದೆ. ಊರಿದೆ, ಮೈ ಹೊರಳಿಸಿದೆ, ಮತ್ತೆ ಊರಿದೆ.

"ಎಲ್ಲಿಗಜ್ಜಾ?" ಎಂದಳು ಮೊಮ್ಮಗಳು.

"ಬಜಾರಕ್ಕವ್ವ. ಒಂದು ಟೋಪಿ ತಗೋಬೇಕು."