ಮಗ್ಗದ ಕೋಣೆಯಲ್ಲಿ ಗ್ಯಾಸ್ ಒಲೆ

೧೯೮೪ರಲ್ಲಿ ನಾನು ಕೊಯಮತ್ತೂರಿನ ಒಂದು ಗ್ಯಾಸ್ ಏಜೆನ್ಸಿಯಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಹೊಸದಾಗಿ ಕನೆಕ್ಷನ್ ಪಡೆದ ಮನೆಗಳ ಹೆಂಗಸರಿಗೆ ಒಲೆ ಹಚ್ಚುವುದು, ಆರಿಸುವುದು, ಸಿಲಿಂಡರ್ ಬದಲಾಯಿಸುವುದು, ಇವನ್ನೆಲ್ಲ ಕಲಿಸುವುದು ನನ್ನ ಕೆಲಸ. ಬರೀ ಅಷ್ಟಕ್ಕೆ ಯಾರೂ ಬರುವುದಿಲ್ಲವೆಂದು ವೆಜಿಟೆಬಲ್ ಪಲಾವು, ಕುಕ್ಕರಿನಲ್ಲಿ ಮಾಡುವ ಕೇಕು ಮುಂತಾದವನ್ನು ಸೇರಿಸಿ ‘ಅಡುಗೆ ಕ್ಲಾಸು’ ಎಂದು ಹೆಸರಿಟ್ಟಿದ್ದೆವು. ಮೈಸೂರಿನಲ್ಲಿ ಹೋಮ್ ಸೈನ್ಸ್ ಓದಿ, ಗಂಡನ ಮಿಲ್ ಕೆಲಸದ ದೆಸೆಯಿಂದ ಆ ಊರು ಸೇರಿದ್ದ ನನಗೆ ಸಿಕ್ಕ ಮೊದಲ ನೌಕರಿ ಅದು.

ಆ ವರ್ಷ ಸಿಂಗಾನಲ್ಲೂರಿನ ಕಡೆ ಕನೆಕ್ಷನ್ನುಗಳು ಹೆಚ್ಚಾಗಿದ್ದವು. ಮ್ಯಾನೇಜರ್ ನನ್ನನ್ನು ಕರೆದು, ಆಡಿ ತಿಂಗಳು, ಅಂದರೆ ನಮ್ಮ ಆಷಾಢ, ಮುಗಿಯುವುದರೊಳಗೆ ಅಲ್ಲೊಂದು ಅಡುಗೆಮನೆ ಬಾಡಿಗೆಗೆ ಹುಡುಕಬೇಕು, ಇಲ್ಲದಿದ್ದರೆ ಕ್ಲಾಸನ್ನು ಪೊಳ್ಳಾಚಿಗೆ ಕೊಡುತ್ತೇನೆ ಎಂದರು. ಹತ್ತು ಹನ್ನೆರಡು ಜನ ನಿಲ್ಲುವಷ್ಟು ಜಾಗ, ಗಾಳಿಗೆ ಕಿಟಕಿ, ನೀರು, ನಿಂತು ಅಡುಗೆ ಮಾಡುವ ಕಟ್ಟೆ, ಇಷ್ಟು ನನಗೆ ಬೇಕಿತ್ತು. ಕಟ್ಟೆ ಏಕೆಂದರೆ ಒಲೆ ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು ಎಂಬುದು ಗ್ಯಾಸಿನ ಮೊದಲ ನಿಯಮ. ಆದರೆ ಆಗ ಅಲ್ಲಿನ ಮುಕ್ಕಾಲು ಪಾಲು ಮನೆಗಳಲ್ಲಿ ಕೂತೇ ಅಡುಗೆ ಮಾಡುತ್ತಿದ್ದರು.

ಹುಡುಕಾಟದ ಕಥೆ ದೊಡ್ಡದು. ಕಲ್ಯಾಣ ಮಂಟಪವೊಂದು ಆಡಿಯಲ್ಲಿ ಮದುವೆಗಳಿಲ್ಲದೆ ಖಾಲಿ ಬಿದ್ದಿತ್ತು. ಅದೇ ಆಡಿಯಲ್ಲಿ ಹೊಸ ಕೆಲಸ ಶುರುಮಾಡಲು ಬಿಡುವುದಿಲ್ಲವೆಂದು ಅದರ ಯಜಮಾನರು ಮೂಗು ಮುರಿದರು. ಕಾಂಗೇಯಂ ಕಡೆಯ ಎಣ್ಣೆ ವ್ಯಾಪಾರಿಯೊಬ್ಬರು ಬಹಳ ಔದಾರ್ಯದಿಂದ ತಮ್ಮ ಗೋದಾಮನ್ನೇ ತೋರಿಸಿದರು. ಕೊಬ್ಬರಿಯ ರಾಶಿಯ ನಡುವೆ ನಿಂತು ಬೆಂಕಿಕಡ್ಡಿ ಗೀರುವ ಧೈರ್ಯ ನನಗಿರಲಿಲ್ಲ. ಮಿಲ್ಲಿನ ಹತ್ತಿರದ ಒಬ್ಬ ಮನೆಯೊಡತಿಗೆ ನಾನು ಬಹಳ ಹಿಡಿಸಿದೆ, ಕಾಫಿಯನ್ನೂ ಕೊಟ್ಟರು. ಸಿಲಿಂಡರಿನ ಮಾತು ಬಂದೊಡನೆ ಲೋಟ ಕೆಳಗಿಟ್ಟು, “ನೀವು ಬನ್ನಿ, ದಿನಾ ಬನ್ನಿ. ಅದು ಮಾತ್ರ ಬೇಡ” ಎಂದು ತಮಿಳಿನಲ್ಲಿ ಕೈಮುಗಿದರು.

ಕಡೆಗೆ ಜಾಗ ಸಿಕ್ಕಿದ್ದು ಏಜೆನ್ಸಿಯ ಕೌಂಟರಿನಲ್ಲೇ. ಹೊಸ ಕನೆಕ್ಷನ್ನಿಗೆ ಬಂದಿದ್ದ ಸರೋಜಾ ಎಂಬ ಹೆಂಗಸು ತನ್ನ ಮಗುವನ್ನು ಕನ್ನಡದಲ್ಲಿ ಗದರಿಸುವುದು ಕೇಳಿ ಮಾತನಾಡಿಸಿದೆ. ತಲೆಮಾರುಗಳಿಂದ ಸಿಂಗಾನಲ್ಲೂರಿನಲ್ಲೇ ನೆಲೆಸಿದ್ದ ನೇಕಾರರ ಮನೆ ಅವಳದು. ಗಂಡ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯ ಕೆಲಸಕ್ಕೆ ಹೋಗುತ್ತಿದ್ದ. ಮನೆಯಲ್ಲಿ ಮಾವ ರಾಮಲಿಂಗಂ ಇದ್ದರು, ಮಗ್ಗದ ಕೋಣೆ ಖಾಲಿ ಇತ್ತು. ನಾನು ಉತ್ಸಾಹದಿಂದ ನಮ್ಮ ಷರತ್ತುಗಳನ್ನು ಕನ್ನಡದಲ್ಲಿ ಬರೆದುಕೊಟ್ಟೆ. ಅವಳು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕಳು.

“ಅಕ್ಕಾ, ನಾವು ಕನ್ನಡ ಮಾತಾಡ್ತೀವಿ, ಓದಕ್ಕೆ ಬರಲ್ಲ. ಬಾಯಲ್ಲೇ ಏಳಿ, ಮಾವನ ಅತ್ರ ಏಳ್ತೀನಿ.”

ಹಿಂದೆ ಜನ ಸಾಲುಗಟ್ಟಿ ನಿಂತಿದ್ದರಿಂದ ಚುಟುಕಾಗಿ ಹೇಳಿದೆ. ಕಿಟಕಿ ಇರಬೇಕು, ನೀರಿರಬೇಕು, ಸಿಲಿಂಡರ್ ಒಲೆಗಿಂತ ಕೆಳಗಿರಬೇಕು. ಮರುದಿನವೇ ಹೋಗಿ ಕೋಣೆ ನೋಡಿದೆ. ಎತ್ತರದ ಚಾವಣಿ, ಬೀದಿಯ ಕಡೆ ಎರಡು ಕಿಟಕಿ, ಮೂಲೆಯಲ್ಲಿ ನೆಲದ ಮೇಲೆ ಹಳೆಯ ಹಲಗೆಗಳು. ಹಲಗೆಗಳ ಕೆಳಗೆ ಏನಿದೆ ಎಂದು ನಾನು ಕೇಳಲಿಲ್ಲ. ಕಟ್ಟೆಗೆ ಏನಾದರೂ ದಾರಿ ಮಾಡುತ್ತೇನೆ ಎಂದು ರಾಮಲಿಂಗಂ ಅವರೇ ಭರವಸೆ ಕೊಟ್ಟರು.

ಆಡಿ ಕಳೆದು ಕ್ಲಾಸು ಶುರುವಾಗುವ ಬೆಳಿಗ್ಗೆ ಹೋದಾಗ ಕೋಣೆಗೆ ಸುಣ್ಣ ಬಳಿದಿತ್ತು. ಹನ್ನೊಂದು ಹೆಂಗಸರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಒಲೆ ಅವರ ಮುಂದೆ ನೆಲದ ಮೇಲಿತ್ತು. ಅದರ ಹಿಂದೆ ಹಲಗೆ ಸರಿಸಿದ ಮೂಲೆಯಲ್ಲಿ ನೆಲವೇ ಬಾಯಿ ತೆರೆದಿತ್ತು. ಅದು ಮಗ್ಗದ ಕುಳಿ. ನೇಕಾರ ನೆಲದ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟು ಕೆಳಗಿನ ತುಳಿಹಲಗೆಗಳನ್ನು ತುಳಿಯುವುದಕ್ಕಾಗಿ ತೋಡಿದ, ಎರಡೂವರೆ ಅಡಿ ಆಳದ ಗುಂಡಿ. ಆ ಗುಂಡಿಯೊಳಗೆ, ಹಿಂದಿನ ದಿನ ಏಜೆನ್ಸಿಯಿಂದ ಕಳಿಸಿದ್ದ ನಮ್ಮ ಕೆಂಪು ಸಿಲಿಂಡರ್ ನೆಟ್ಟಗೆ ನಿಂತಿತ್ತು.

“ನೀವು ಏಳಿದಂಗೇ, ಟೀಚರಮ್ಮಾ,” ರಾಮಲಿಂಗಂ ದಪ್ಪ ಗಾಜಿನ ಕನ್ನಡಕ ಸರಿಮಾಡಿಕೊಂಡು ಹೇಳಿದರು. “ಒಲೆ ಮೇಲೆ, ಸಿಲಿಂಡರ್ ಕೆಳಗೆ. ಇವರೆಲ್ಲ ಕೂತ್ಕೊಂಡೇ ಬೇಯಿಸ್ಬೋದು. ಕಟ್ಟೆ ಯಾಕೆ?”

ಅಡುಗೆಯ ಗ್ಯಾಸು ಗಾಳಿಗಿಂತ ಭಾರ. ಎಲ್ಲಿಯಾದರೂ ಸೋರಿದರೆ ಅದು ಮೇಲೇರುವುದಿಲ್ಲ, ಕೆಳಗಿಳಿಯುತ್ತದೆ. ಸಮತಟ್ಟಾದ ನೆಲವಿದ್ದರೆ ಬಾಗಿಲಿನಿಂದ ಹರಿದು ಆಚೆ ಹೋಗಬಹುದು. ಗುಂಡಿಯಲ್ಲಿ ಮಾತ್ರ ಅಲ್ಲೇ ತುಂಬಿಕೊಳ್ಳುತ್ತದೆ, ಒಂದು ಕಿಡಿ ಬಿದ್ದರೆ ಸಾಕು. ನಿಯಮ ಅಕ್ಷರಶಃ ಪಾಲನೆಯಾಗಿತ್ತು, ಕೋಣೆ ಮಾತ್ರ ಬಾಂಬಿನಂತಾಗಿತ್ತು. ಹೆಂಗಸರನ್ನು ಬೀದಿಗೆ ಕಳಿಸಿ, ರೆಗ್ಯುಲೇಟರ್ ಮುಚ್ಚಿರುವುದನ್ನು ನೋಡಿಕೊಂಡು, ಇಬ್ಬರನ್ನು ಕರೆದು ಸಿಲಿಂಡರನ್ನು ಮೇಲೆತ್ತಿಸಿದೆ. ಆಮೇಲೆ ಜಗಲಿಯ ಮೇಲೆ ಕೂತು ರಾಮಲಿಂಗಂ ಅವರಿಗೆ ಕಾರಣ ವಿವರಿಸಿದೆ.

“ನೀರಂಗೆ ತಗ್ಗಿಗೆ ಓಗ್ತದಾ?”

“ನೀರಿನ ಹಾಗೇ. ಆದರೆ ಕಣ್ಣಿಗೆ ಕಾಣೋದಿಲ್ಲ. ಹಲಗೆ ಮುಚ್ಚಿದರೂ ಸಾಲದು, ಯಜಮಾನ್ರೇ. ಕುಳಿ ತುಂಬಿಸಿದರೆ ಮಾತ್ರ ಇಲ್ಲಿ ಕ್ಲಾಸು.”

ಅವರು ಎದ್ದು ಒಳಗೆ ಹೋದರು. ಕಾರಣವನ್ನು ಸರೋಜಾ ತಗ್ಗಿದ ದನಿಯಲ್ಲಿ ಹೇಳಿದಳು. ಹುಡುಗನಾಗಿದ್ದಾಗಿನಿಂದ ಮಾವ ಆ ಕುಳಿಯಲ್ಲಿ ಕಾಲಿಟ್ಟು ನೇಯ್ದವರು. ಹಿಂದಿನ ವರ್ಷ ಕಣ್ಣಿನ ಪೊರೆ ತೆಗೆಸಿದಾಗ ಮಗ ಮಗ್ಗವನ್ನು ಬಿಚ್ಚಿ ಮರವನ್ನೆಲ್ಲ ಅಟ್ಟಕ್ಕೇರಿಸಿದ್ದ. ಇನ್ನು ಸಾಕು ಎಂಬುದು ಮಗನ ಮಾತು. ಕಣ್ಣು ಸರಿಹೋದ ಮೇಲೆ ಮತ್ತೆ ಹೂಡುತ್ತೇನೆ ಎಂಬುದು ಅಪ್ಪನ ಹಟ. “ಕುಳಿ ಮುಚ್ಚಿದ್ರೆ ಮಗ ಏಳಿದ್ದೇ ಆಯ್ತು ಅಂತ ಅವರಿಗೆ,” ಎಂದಳು. ಅವಳಿಗೆ ಕ್ಲಾಸೂ ಬೇಕಿತ್ತು, ಮಾವನ ಮನಸ್ಸೂ ನೋಯಬಾರದಿತ್ತು.

ಸ್ವಲ್ಪ ಹೊತ್ತಿಗೆ ಅವರೇ ಹೊರಗೆ ಬಂದರು. “ಮರಳು ಆಕ್ತೀನಿ. ಮಣ್ಣು ಬೇಡ, ಸಿಮಿಟಿ ಬೇಡ. ದೀಪಾವಳಿ ಆದ ಮಾರನೇ ದಿನ ತೆಗೆದುಬಿಡ್ಬೇಕು. ಒಪ್ಪಿಗೆನಾ?”

ಒಪ್ಪಿಕೊಂಡೆ. ಆ ಹೊತ್ತಿಗೆ ನಾನು ಇನ್ನೇನಕ್ಕಾದರೂ ಒಪ್ಪುತ್ತಿದ್ದೆ. ಕುಳಿಗೆ ಮರಳು ತುಂಬಿ, ನೀರು ಹೊಯ್ದು, ದಮ್ಮಸು ಹಾಕಿ, ಮೇಲೆ ಕಡಪಾ ಕಲ್ಲು ಹಾಸಿದರು. ಗಾರೆಯಿಲ್ಲದೆ ಇಟ್ಟಿಗೆ ಜೋಡಿಸಿ ಎತ್ತರದ ಕಟ್ಟೆ ಮಾಡಿದರು.

ಕ್ಲಾಸು ಚೆನ್ನಾಗಿಯೇ ಕೈಹತ್ತಿತು. ಮೊದಲ ವಾರ ನಿಂತು ನಿಂತು ಕಾಲು ನೋವೆಂದು ಎಲ್ಲರೂ ಗೊಣಗಿದರು. ಪಲಾವಿನ ದಿನ ಗೊಣಗಾಟ ನಿಂತಿತು. ಕೇಕಿಗೆ ಕುಕ್ಕರಿನ ತಳದಲ್ಲಿ ಮರಳು ಹಾಸಬೇಕು ಎಂದು ಕೇಳಿದಾಗ ರಾಮಲಿಂಗಂ ಉಳಿದ ಮರಳನ್ನು ಬುಟ್ಟಿಯಲ್ಲಿ ತಂದುಕೊಟ್ಟು, “ದಿನಾ ಕೇಕೇ ಮಾಡಿ, ಟೀಚರಮ್ಮಾ. ಕುಳಿದೂ ಬೇಗ ಖಾಲಿ ಆಗ್ಲಿ” ಎಂದರು. ಎಲ್ಲರೂ ನಕ್ಕೆವು. ಅವರು ನಗಲಿಲ್ಲ. ಜಗಲಿಯಲ್ಲಿ ಕೂತು ನೂಲಿನೆಳೆಯೊಂದನ್ನು ಬಿಸಿಲಿನ ಬೆಳಕಿಗೆ ಹಿಡಿದು, ಹೊಸ ಕನ್ನಡಕದಲ್ಲಿ ಅದು ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದು ದಿನಾ ಪರೀಕ್ಷೆ ಮಾಡುತ್ತಿದ್ದರು.

ದೀಪಾವಳಿ ಹತ್ತಿರವಾದಾಗ ಮ್ಯಾನೇಜರ್ ಬಂದು ನೋಡಿದರು. ಅವರಿಗೆ ಜಾಗ ಎಷ್ಟು ಹಿಡಿಸಿತೆಂದರೆ, ಅಲ್ಲೇ ಕಾಯಂ ಆಗಿ ಕ್ಲಾಸು ನಡೆಸೋಣ, ನೆಲಕ್ಕೆ ಸಿಮೆಂಟು ಹಾಕಿಸೋಣ, ನಲ್ಲಿ ಕೊಡಿಸೋಣ ಎಂದರು. ಅಷ್ಟು ಹೊತ್ತಿಗಾಗಲೇ ಕ್ಲಾಸಿನ ಕೆಲಸದಲ್ಲಿ ನನ್ನ ಬಲಗೈಯಾಗಿದ್ದ ಸರೋಜಾಳ ಮುಖ ಅರಳಿತು. ಅಂಥ ಅಡುಗೆಮನೆ ಆ ಭಾಗದಲ್ಲಿ ಇನ್ನೊಂದು ಸಿಗುವುದಿಲ್ಲವೆಂದು ನನಗೂ ಗೊತ್ತಿತ್ತು. ಎರಡು ತಿಂಗಳಲ್ಲಿ ಮುದುಕರ ಹಟ ಇಳಿದಿರಬಹುದು ಎಂದುಕೊಂಡು, ಮಾತನಾಡಿಸಲು ನಾನೇ ಹೋದೆ. ಬಾಡಿಗೆ ಹೆಚ್ಚಿಸುತ್ತಾರೆ, ಮನೆ ಗಟ್ಟಿಯಾಗುತ್ತದೆ, ಸೊಸೆಗೂ ಕೆಲಸ ಉಳಿಯುತ್ತದೆ ಎಂದೆಲ್ಲ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು.

“ಆ ಗ್ಯಾಸು ನನ್ನ ಕಣ್ಣಿಗೆ ಕಾಣ್ಲಿಲ್ಲ, ಟೀಚರಮ್ಮಾ. ಕುಳಿಗೆ ಇಳಿದು ಅಲ್ಲೇ ನಿಲ್ತದೆ ಅಂತ ನೀವು ಏಳಿದ್ರಿ. ನಾನು ನಂಬ್ದೆ, ಮರಳು ಆಕ್ದೆ. ನನ್ನ ಜೀವನೂ ಆ ಕುಳಿಗೆ ಇಳಿದು ಅಲ್ಲೇ ನಿಂತದೆ. ಅದೂ ಕಣ್ಣಿಗೆ ಕಾಣಲ್ಲ. ನೀವೂ ನಂಬ್ಬೇಕು.”

ನನಗೆ ಸಿಟ್ಟು ಬಂದಿತ್ತು ಎಂಬುದು ನಿಜ, ಮತ್ತೆ ಬಿಸಿಲಲ್ಲಿ ಮನೆ ಮನೆ ಅಲೆಯಬೇಕಲ್ಲ ಎಂದು. ಒಪ್ಪಿಗೆ ಸಿಗಲಿಲ್ಲವೆಂದು ಮ್ಯಾನೇಜರಿಗೆ ತಿಳಿಸಿ, ಬೈಸಿಕೊಂಡೆ.

ದೀಪಾವಳಿಯ ಮಾರನೇ ದಿನ ಒಲೆ, ಸಿಲಿಂಡರ್ ಸಾಗಿಸಲು ಹೋದಾಗ ಕಟ್ಟೆಯ ಇಟ್ಟಿಗೆಗಳು ಆಗಲೇ ಅಂಗಳದಲ್ಲಿದ್ದವು. ಕಡಪಾ ಕಲ್ಲು ಎತ್ತಿದ ಮೇಲೆ ಮೊದಲ ಬುಟ್ಟಿ ಮರಳನ್ನು ತೆಗೆದವಳು ಸರೋಜಾ. ಹಿಂದಿನ ದಿನದವರೆಗೂ ಮುಖ ಊದಿಸಿಕೊಂಡಿದ್ದವಳು ಸೆರಗು ಸಿಕ್ಕಿಸಿ ತೋಡುತ್ತಿದ್ದಳು. ಕ್ಲಾಸಿನ ಹೆಂಗಸರೂ ಕೈಹಾಕಿದರು. ತಳ ಕಂಡಾಗ ರಾಮಲಿಂಗಂ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟರು. ಮಗ್ಗ ಇನ್ನೂ ಅಟ್ಟದಲ್ಲೇ ಇತ್ತು, ತುಳಿಯಲು ಕೆಳಗೆ ಏನೂ ಇರಲಿಲ್ಲ. ಆದರೂ ಅವರ ಪಾದಗಳು ಒಂದಾದ ಮೇಲೊಂದು ಮೆಲ್ಲಗೆ ಆಡತೊಡಗಿದವು. ನಾನು ಒಲೆಯನ್ನು ಎತ್ತಿಕೊಂಡು ಹೊರಗೆ ನಡೆದೆ.

ಮುಂದೆ ಆ ನೌಕರಿಯಲ್ಲಿದ್ದಷ್ಟು ಕಾಲ ಹಲವು ಊರುಗಳಲ್ಲಿ ಅಡುಗೆಮನೆ ಹುಡುಕಿದೆ. ಸಿಲಿಂಡರ್ ಕೆಳಗಿರಬೇಕು ಎಂದಷ್ಟೇ ಹೇಳಿ ಎಂದೂ ಸುಮ್ಮನಾಗಲಿಲ್ಲ, ಏಕೆಂಬುದನ್ನೂ ಹೇಳಿದೆ. ಕಿಟಕಿ, ನೀರು ಕೇಳುವ ಮೊದಲು, ಈ ಕೋಣೆಯಲ್ಲಿ ಹಿಂದೆ ಏನಿತ್ತು ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಂಡೆ. ಖಾಲಿ ಎಂದು ಬಾಡಿಗೆಗೆ ಬರುವ ಕೋಣೆ ಅದರ ಯಜಮಾನನ ಪಾಲಿಗೆ ಖಾಲಿಯಾಗಿರಬೇಕೆಂದೇನಿಲ್ಲ.

ಮಾರನೆಯ ವರ್ಷ ಒಮ್ಮೆ ಆ ಬೀದಿಯಲ್ಲಿ ಹೋಗುವಾಗ ಒಳಗಿನಿಂದ ಮಗ್ಗದ ಸದ್ದು ಕೇಳಿಸಿತು. ಹಿತ್ತಲಿಗೆ ಹೋಗಿ ನೋಡಿದರೆ ಸರೋಜಾ ಅಲ್ಲಿನ ಅಡುಗೆಮನೆಯಲ್ಲಿ, ಅದೇ ಇಟ್ಟಿಗೆಗಳ ಕಟ್ಟೆಯ ಮುಂದೆ ನಿಂತು ಒಗ್ಗರಣೆ ಹಾಕುತ್ತಿದ್ದಳು. ಕಾಫಿ ಕುಡಿದು ಹೋಗಿ ಎಂದಳು. ನಾನು ಬಸ್ಸಿಗೆ ಹೊತ್ತಾಯಿತೆಂದೆ. ಇನ್ನೊಂದು ಅಡುಗೆಮನೆ ನೋಡಲು ಹೋಗಬೇಕಿತ್ತು.