ಗಿಡ್ಡಕ್ಕನ ಚಳಿಗಾಲದ ಟೊಮೆಟೊ

ಬೆಳಗಿನ ಐದೂವರೆ. ಉದ್ಯಾನದ ಹಿಂಬದಿಯ ಗಾಜಿನ ಮನೆಯಲ್ಲಿ ಒಬ್ಬ ಹೆಂಗಸು ಸ್ಟೂಲಿನ ಮೇಲೆ ನಿಂತು ಚಾವಣಿಯ ಒಳಮೈ ಒರೆಸುತ್ತಿದ್ದಾರೆ. ರಾತ್ರಿಯ ಚಳಿಗೆ ಗಾಜಿನ ತುಂಬ ನೀರಹನಿ ಕಟ್ಟಿದೆ. ಅದು ಎಲೆಯ ಮೇಲೆ ತೊಟ್ಟಿಕ್ಕಿದರೆ ಮೂರು ದಿನಕ್ಕೆ ಕಪ್ಪು ಚುಕ್ಕೆ, ಆಮೇಲೆ ಕೊಳೆ ರೋಗ. ಹಾಗಾಗಿ ದಿನವೂ ಬೆಳಕು ಹರಿಯುವ ಮೊದಲು ತೊಂಬತ್ತಾರು ಗಾಜು ಒರೆಸಿ ಮುಗಿಸಬೇಕು. ಅವರ ಬಗ್ಗೆ ಬರೆಯಲು ಬಂದಿರುವ ನಾನು ಎರಡು ಸ್ವೆಟರ್ ಹಾಕಿಕೊಂಡೂ ಗಡಗಡ ನಡುಗುತ್ತಿದ್ದೇನೆ. ಅವರು ರವಿಕೆಯ ತೋಳನ್ನು ಮೇಲಕ್ಕೆ ಮಡಚಿಕೊಂಡು ಒರೆಸುತ್ತಿದ್ದಾರೆ.

"ಮೊದ್ಲು ಬಾಗಿಲು ಹಾಕಿ, ಗಾಳಿ ನುಗ್ಗುತ್ತೆ," ಎಂದು ಗದರುತ್ತಾರೆ. "ನಿಮಗೆ ನೆಗಡಿ ಆದ್ರೆ ವಾರದಲ್ಲಿ ಹೋಗುತ್ತೆ. ನನ್ನ ಗಿಡಕ್ಕೆ ಆದ್ರೆ ಗಿಡಾನೇ ಹೋಗುತ್ತೆ."

ಉದ್ಯಾನದಲ್ಲಿ ಎಲ್ಲರೂ ಅವರನ್ನು ಗಿಡ್ಡಕ್ಕ ಎನ್ನುತ್ತಾರೆ. ಆಳನ್ನು ನೋಡಿದರೆ ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರ! ಗಿಡ್ಡಗಿರುವುದು ಅವರು ಸಾಕುವ ಟೊಮೆಟೊ. ಮೊಣಕಾಲಿನಿಂದ ಮೇಲೇರದ ತಳಿ. ಬಕೆಟ್ಟಿನಷ್ಟು ದೊಡ್ಡ ಕುಂಡದಲ್ಲೇ ಹೂ ಬಿಟ್ಟು, ಕಾಯಿ ಕಚ್ಚಿ, ಹಣ್ಣಾಗುತ್ತದೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎನ್ನುವುದು ಸರಿಯೋ ಅಲ್ಲವೋ ಎಂಬುದು ಇವತ್ತು ಗೊತ್ತಾಗಲಿದೆ.

ಏಕೆಂದರೆ ಇವತ್ತು ಅವರಿಗೆ ಪರೀಕ್ಷೆ. ಚಳಿಗಾಲದಲ್ಲಿ ದಂಡಕ್ಕೆ ನಿಲ್ಲುವ ಈ ಗಾಜಿನ ಮನೆಯನ್ನು ಹಳೆ ಪೈಪು, ಮುರುಕು ಕುರ್ಚಿ ತುಂಬುವ ಉಗ್ರಾಣ ಮಾಡಬೇಕೆಂದು ಉದ್ಯಾನದ ಮೇಲ್ವಿಚಾರಕರು ಎರಡು ವರ್ಷದಿಂದ ಹಟ ಹಿಡಿದಿದ್ದಾರೆ. ಗಿಡ್ಡಕ್ಕ ಕಾಡಿ ಬೇಡಿ ಅವರನ್ನು ಒಂದು ಕರಾರಿಗೆ ಒಪ್ಪಿಸಿದ್ದಾರೆ. ಪಕ್ಕದ ಶಾಲೆಯ ಅಡುಗೆಮನೆಗೆ ಮೂವತ್ತು ದಿನ, ದಿನಕ್ಕೆ ಎಂಟು ಕಿಲೋ ಹಣ್ಣು ಕೊಡಬೇಕು. ಒಂದೇ ದಿನ ತಪ್ಪಿದರೂ ಬೀಗದ ಕೈ ಒಪ್ಪಿಸಿ, ಗೇಟಿನ ಬಳಿ ಕಸ ಗುಡಿಸಲು ಹೋಗಬೇಕು. ಇಪ್ಪತ್ತೊಂಬತ್ತು ದಿನ ದಾಟಿದೆ. ಆದರೆ ನಿನ್ನೆಯದು ಈ ಚಳಿಗಾಲದಲ್ಲೇ ಅತ್ಯಂತ ಕೊರೆಯುವ ರಾತ್ರಿ.

ಹೋದ ಚಳಿಗಾಲ ಅವರು ಮೊದಲ ಸಲ ಇದಕ್ಕೆ ಕೈಹಾಕಿ ನಗೆಪಾಟಲಾದರು. ಅದಕ್ಕೆ ಅವರ ಅನುಭವವೇ ಕಾರಣ ಎಂದರೆ ನಂಬುತ್ತೀರಾ? ಇಲ್ಲಿಗೆ ಬರುವ ಮೊದಲು ಹದಿನೆಂಟು ವರ್ಷ ಅವರು ದೊಡ್ಡ ತೋಟವೊಂದರಲ್ಲಿ ದಾರ ಕಟ್ಟಿ ಹಬ್ಬಿಸುವ ಎತ್ತರದ ಟೊಮೆಟೊ ನೋಡಿಕೊಂಡವರು. ಅಲ್ಲಿ ಎಲೆಯ ಕಂಕುಳಲ್ಲಿ ಏಳುವ ಚಿಗುರನ್ನು ಕಂಡ ಕೂಡಲೇ ಚಿವುಟಬೇಕು, ಇಲ್ಲವಾದರೆ ಗಿಡ ಪೊದೆಯಾಗುತ್ತದೆ. ಗಿಡ್ಡ ತಳಿಯ ಸಂಗತಿ ಇದಕ್ಕೆ ತದ್ವಿರುದ್ಧ: ಅದರ ಹಣ್ಣು ಹೆಚ್ಚಾಗಿ ಬರುವುದೇ ಆ ಪಕ್ಕದ ಚಿಗುರುಗಳಲ್ಲಿ. ಬೀಜದ ಪೊಟ್ಟಣದ ಮೇಲೆ ಹಾಗೆಂದು ಅಚ್ಚಾಗಿತ್ತು, ಗಿಡ್ಡಕ್ಕ ಓದಿಯೂ ಇದ್ದರು. ಅವರ ಬೆರಳು ಓದಿರಲಿಲ್ಲ, ಅಷ್ಟೆ.

"ಏನೋ ಯೋಚನೆ ಮಾಡ್ತಾ ಸಾಲಿನಲ್ಲಿ ನಡೀತಿದ್ದೆ, ಬೆರಳು ಅದರ ಪಾಡಿಗೆ ಚಿವುಟ್ತಾ ಹೋಗಿದೆ. ಸಾಲು ಮುಗಿದ ಮೇಲೆ ನೋಡಿದ್ರೆ ಜೇಬು ತುಂಬ ಚಿಗುರು! ಒಂದು ದಿನ ಅಲ್ಲ, ದಿನಾ ಅದೇ ಕಥೆ. ಇನ್ನೂರ ನಲವತ್ತು ಗಿಡಕ್ಕೆ ಎರಡೇ ಬುಟ್ಟಿ ಹಣ್ಣು ಬಂತು. ಇಲ್ಲೇ ಕೂತು ಅತ್ತುಬಿಟ್ಟೆ."

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಹದಿನೆಂಟು ವರ್ಷದ ಅಭ್ಯಾಸವೂ ಹಾಗೆಯೇ ಇರಬೇಕು. ಈ ಸಲ ಅವರು ಬುದ್ಧಿಯನ್ನು ನಂಬದೆ ಬಲಗೈಯ ಹೆಬ್ಬೆರಳು, ತೋರುಬೆರಳಿಗೆ ದಪ್ಪ ಬಟ್ಟೆ ಸುತ್ತಿಕೊಂಡೇ ಒಳಗೆ ಕಾಲಿಟ್ಟರು. "ಬೆರಳು ಚೀಪೋ ಮಗುವಿಗೆ ಕಟ್ತಾರಲ್ಲ, ಹಾಗಿದೆ ಅಂತ ಮಗಳು ಬಿದ್ದು ಬಿದ್ದು ನಕ್ಕಳು. ನಗಲಿ ಬಿಡಿ. ಕಾಯಿ ಕಚ್ಚೋವರೆಗೂ ನಾನು ಬಿಚ್ಚಲಿಲ್ಲ."

ಗೋಡೆಯುದ್ದಕ್ಕೂ ಕಪ್ಪು ಬಣ್ಣ ಬಳಿದ ನಲವತ್ತು ಡ್ರಮ್ಮುಗಳಲ್ಲಿ ನೀರು ತುಂಬಿದೆ. ಹಗಲಿನ ಬಿಸಿಲಿಗೆ ಕಾದ ನೀರು ರಾತ್ರಿಯಿಡೀ ಮೆಲ್ಲಗೆ ಶಾಖ ಬಿಡುತ್ತದೆ. ಸಂಜೆ ಚಾವಣಿಗೆ ದಪ್ಪ ಹೊದಿಕೆ ಎಳೆಯುತ್ತಾರೆ. ಇವತ್ತು ಹೊರಗೆ ಆರು ಡಿಗ್ರಿ, ಒಳಗೆ ಹನ್ನೆರಡು. ಗಿಡ್ಡ ತಳಿಗೆ ಇನ್ನೊಂದು ಚಾಳಿಯಿದೆ, ಹಣ್ಣನ್ನೆಲ್ಲ ಒಟ್ಟಿಗೆ ಮಾಗಿಸಿ ಕೈ ತೊಳೆದುಕೊಂಡುಬಿಡುತ್ತದೆ. ತಿಂಗಳಿಡೀ ಹಣ್ಣು ಬೇಕಲ್ಲ? ಅದಕ್ಕೆ ಅರವತ್ತರವತ್ತರಂತೆ ನಾಲ್ಕು ಕಂತಿನಲ್ಲಿ, ವಾರಕ್ಕೊಂದು ಸಲ ಬಿತ್ತಿದ್ದಾರೆ.

ಚಳಿಯಲ್ಲಿ ಜೇನುಹುಳ ಇತ್ತ ಸುಳಿಯುವುದಿಲ್ಲ. ಹೂವಿನ ಗೊಂಚಲನ್ನು ಯಾರಾದರೂ ಅಲುಗಿಸಿದರೆ ತಾನೇ ಪರಾಗ ಉದುರಿ ಕಾಯಿ ಕಚ್ಚುವುದು? ಅದಕ್ಕೂ ಉಪಾಯವಿದೆ. "ಅಳಿಯಂದಿರು ಬ್ಯಾಟರಿ ಹಾಕಿದ ಹಲ್ಲುಜ್ಜೋ ಬ್ರಷ್ ತಂದುಕೊಟ್ರು. ಅದು ಜುಯ್ ಅನ್ನೋದು ಕೇಳಿ, ಇದು ಹಲ್ಲಿಗಲ್ಲ ಹೂವಿಗೆ ಅಂತ ಇಲ್ಲಿಗೆ ತಂದೆ. ಚೆನ್ನಾಗಿ ಹೊಳೀತಿದೆಯಾ ಹಲ್ಲು ಅಂತ ಅವರು ಕೇಳ್ತಾನೇ ಇರ್ತಾರೆ. ಹೂಂ ಅಂತೀನಿ." ಹೂ ಬಿಡುವ ದಿನಗಳಲ್ಲಿ, ಪರಾಗ ಒಣಗಿ ಹುಡಿಯಾಗುವ ಹತ್ತು ಗಂಟೆಯ ಹೊತ್ತಿಗೆ ಒಂದೊಂದು ಗೊಂಚಲಿನ ತೊಟ್ಟಿಗೂ ಎರಡೆರಡು ಸೆಕೆಂಡ್ ಬ್ರಷ್ ತಾಗಿಸುತ್ತ ಹೋಗುತ್ತಾರೆ. ನೂರಾರು ಗೊಂಚಲು, ಅಷ್ಟು ಸಲವೂ ಸೊಂಟ ಬಗ್ಗಿಸಬೇಕು. "ಗಿಡ ಗಿಡ್ಡ, ನಾನು ಉದ್ದ. ದೇವರಿಗೂ ತಮಾಷೆ ಬೇಕಲ್ಲ," ಎಂದು ನಗುತ್ತಾರೆ.

ಇವತ್ತು ಎಂಟು ಗಂಟೆಗೆ ಶಾಲೆಯ ಅಡುಗೆಯವರು ತೂಕದ ಯಂತ್ರ ಹೊತ್ತುಕೊಂಡು ಬರುತ್ತಾರೆ. ಅವರ ಹಿಂದೆಯೇ ಮೇಲ್ವಿಚಾರಕರು. ಅವರ ಹಿಂದೆ ಒಂದು ಲಾರಿ! ಅದರ ತುಂಬ ಉಗ್ರಾಣಕ್ಕೆಂದು ತರಿಸಿದ, ಬಾಗಿಲಿಲ್ಲದ ತೆರೆದ ಅಂತಸ್ತುಗಳ ಕಬ್ಬಿಣದ ಕಪಾಟುಗಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಾನು ಕಂಡಿದ್ದೇನೆ, ಲಾರಿಯಲ್ಲಿ ತರಿಸಿದವರನ್ನು ಇದೇ ಮೊದಲು ನೋಡುತ್ತಿರುವುದು. ನನಗೆ ಸಿಟ್ಟು ಬರುತ್ತದೆ. ಗಿಡ್ಡಕ್ಕನಿಗೆ ಬಂದಂತೆ ಕಾಣುವುದಿಲ್ಲ, ಅವರು ಬುಟ್ಟಿ ಹಿಡಿದು ಕೊನೆಯ ಸಾಲಿಗೆ ಇಳಿದಿದ್ದಾರೆ. ಬಾಗಿಲ ಬಳಿಯ ನಾಲ್ಕಾರು ಗಿಡಗಳ ಎಲೆ ಚಳಿಗೆ ಮುದುರಿವೆ. ಅವರ ಕೈ ಎಲೆಯ ಅಡಿಗೆ ಹೋಗುತ್ತದೆ, ಕೆಂಪು ಹಣ್ಣಿನೊಂದಿಗೆ ಹೊರಬರುತ್ತದೆ.

ಮೊದಲ ಬುಟ್ಟಿ ಐದು ಕಿಲೋ ಇನ್ನೂರು ಗ್ರಾಂ. ಎರಡನೆಯ ಬುಟ್ಟಿ ಇಟ್ಟಾಗ ಅಡುಗೆಯವರು ಬಗ್ಗಿ ನೋಡಿ, ಕಣ್ಣುಜ್ಜಿಕೊಂಡು, ಮತ್ತೆ ನೋಡಿ ಕೂಗುತ್ತಾರೆ: "ಒಟ್ಟು ಹನ್ನೊಂದು ಕಿಲೋ ನಾನೂರು! ಅಕ್ಕಾ, ಗೆದ್ದುಬಿಟ್ರಿ ಕಣಕ್ಕಾ!" ಬಾಗಿಲಲ್ಲಿ ನೆರೆದಿದ್ದ ಉದ್ಯಾನದ ಮಾಲಿಗಳು ಸಿಳ್ಳೆ ಹಾಕುತ್ತಾರೆ.

ಮೇಲ್ವಿಚಾರಕರು ಒಂದು ಹಣ್ಣು ಎತ್ತಿಕೊಂಡು ಅಲ್ಲೇ ಕಚ್ಚುತ್ತಾರೆ. ರಸ ಅಂಗಿಯ ಮೇಲೆ ಸುರಿಯುತ್ತದೆ. ಒರೆಸಿಕೊಳ್ಳುವುದಿಲ್ಲ. "ಆಯ್ತಮ್ಮ, ಒಪ್ಕೊಂಡೆ. ಬೀಗದ ಕೈ ನಿಮ್ಮ ಹತ್ರಾನೇ ಇರಲಿ," ಎಂದು, ಲಾರಿಯವನಿಗೆ ವಾಪಸ್ ಹೋಗಲು ಕೈಸನ್ನೆ ಮಾಡುತ್ತಾರೆ. "ಇನ್ನೇನು ಬೇಕು, ಕೇಳಿ."

ಗಿಡ್ಡಕ್ಕ ಲಾರಿಯ ಬಳಿಗೆ ನಡೆಯುತ್ತಾರೆ. ಕಪಾಟೊಂದರ ಅಂತಸ್ತುಗಳ ನಡುವೆ ಗೇಣು ಹಾಕಿ ಅಳೆಯುತ್ತಾರೆ, ಒಂದು, ಎರಡು, ಮೂರು, ನಾಲ್ಕು.

"ಇದನ್ನ ಯಾಕೆ ವಾಪಸ್ ಕಳಿಸ್ತೀರಿ ಸಾರ್, ಇಳಿಸಿಬಿಡಿ. ನನ್ನ ಗಿಡ ಇದರಲ್ಲಿ ಸರಿಯಾಗಿ ಹಿಡಿಯುತ್ತೆ. ಚಳಿಗಾಲದ ಬಿಸಿಲು ಓರೆಯಾಗಿ ಬರುತ್ತಲ್ಲ, ಕೆಳಗಿನ ಅಂತಸ್ತಿಗೂ ತಾಗುತ್ತೆ. ಮುಂದಿನ ವರ್ಷ ಐನೂರು ಕುಂಡ ಇಡ್ತೀನಿ."