ಪೌಡರ್ ಬಳಿದ ಕುರಿಮರಿ

ಮೊಮ್ಮಗಳು ಬೆಳಗ್ಗೆಯಿಂದ ತನ್ನ ಸ್ಕೂಟರಿಗೆ ಸ್ಟಿಕ್ಕರು ಅಂಟಿಸಿ, ಕುಚ್ಚು ಕಟ್ಟಿ, ಸೆಂಟು ಹೊಡೆಯುತ್ತಿದ್ದಳು.

"ಜಾಝ್ ಅಪ್ ಮಾಡ್ತಿದೀನಿ ಅಜ್ಜಿ."

"ಅಂಗಂದ್ರೆ?"

"ಇರೋದನ್ನೇ ಇನ್ನೂ ಚೆಂದ ಮಾಡೋದು."

ಆ ಘಮಲಿಗೆ ನನಗೆ ಹಳೆಯದೊಂದು ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಐ.ಡಿ.ಹಳ್ಳಿ ಹತ್ತಿರದ ನಮ್ಮೂರಲ್ಲಿ ನಮ್ಮಪ್ಪ ಕುರಿ ಸಾಕಿದ್ದ. ಒಂದು ಕರಿ ಕುರಿ ಮರಿ ಹಾಕಿತ್ತು. ಮರಿ ಚೆಂದವೇ ಇತ್ತು, ನನಗೆ ಸಾಲಲಿಲ್ಲ. ಅಕ್ಕನ ಪೌಡರ್ ಕದ್ದು ಅದರ ಮೈಗೆಲ್ಲ ಬಳಿದೆ, ಕೊರಳಿಗೆ ಕೆಂಪು ಟೇಪು ಕಟ್ಟಿದೆ. ತಾಯಿ ಬಂದು ಮೂಸಿತು. ತನ್ನ ಮರಿಯ ವಾಸನೆಯೇ ಇಲ್ಲ! ಹಾಯ್ದು ದೂರ ತಳ್ಳಿತು. ಹೆದರಿ ಟೇಪು ಬಿಚ್ಚಿದೆ, ಲಂಗದಿಂದ ಮೈ ಒರೆಸಿದೆ. ವಾಸನೆ ಹೋಗಲಿಲ್ಲ.

ನಶ್ಯ ಏರಿಸಿ ಏರಿಸಿ ಮೂಗು ಸತ್ತಿದ್ದ ಅಪ್ಪನಿಗೆ ಏನೂ ಗೊತ್ತಾಗಲಿಲ್ಲ. ಹಾಲಿಲ್ಲದೆ ಮರಿ ಮೂರನೇ ದಿನ ಸತ್ತಿತು.

"ಹೆತ್ತ ಮರೀನೇ ಸೇರಿಸ್ದಿರೋ ಕುರಿ ಯಾಕವ್ವ ಬೇಕು?" ಎಂದ ಅಪ್ಪ, ತಾಯಿಯನ್ನು ಕಟುಕನಿಗೆ ಮಾರಿಬಿಟ್ಟ. ಹಗ್ಗ ಬಿಚ್ಚಿಕೊಟ್ಟವಳು ನಾನೇ. ಬಾಯಿ ಮಾತ್ರ ಬಿಡಲಿಲ್ಲ.

"ನೀನೂ ಏನಾದ್ರೂ ಜಾಝ್ ಅಪ್ ಮಾಡಿದ್ಯಾ ಅಜ್ಜಿ?" ಎಂದು ಮೊಮ್ಮಗಳು ಕೇಳಿದಳು.

"ಮುಚ್ಚೇ ಬಾಯಿ, ಆ ಸೆಂಟು ಅತ್ಲಾಗಿಡು" ಎಂದು ಗದರಿಬಿಟ್ಟೆ.

ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಆ ಕುರಿಯದು ಏನೂ ತಪ್ಪಿರಲಿಲ್ಲ.